ಮುಕ್ಕಾಂ: ಧರ್ಮಶಾಲೆಯ ಪಡಸಾಲೆ

ನನ್ನ ಕೈಬರಹ ಚೆಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ನನ್ನ ಮರ್ಯಾದೆ ಒಂದಿಷ್ಟು ಹೋಗುವುದಿದೆ. ಹುಮನಾಬಾದಿನಲ್ಲಿ ಕಚೇರಿಗಳ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಬೆಂಚು, ಎರಡು ಮಸಿ ಬಾಟಲಿ ಇಟ್ಟುಕೊಂಡು ಬಹಳ ವರ್ಷ ಮಂದಿಯ ಅರ್ಜಿ ಬರೆದು ಹೊಟ್ಟೆ ಹೊರೆದವನು ನಾನು. ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಬಂದರೆ ಸಂಜೆಯ ಬಸ್ಸಿಗೆ ತಿರುಗಿ ಹೋಗುವುದು. ನಿರ್ಣಾದಿಂದ, ಚಿಟಗುಪ್ಪದಿಂದ ಬಂದ ರೈತರು, ಕುರಿ ಕಾಯುವವರು ಎಲ್ಲರೂ ನನ್ನನ್ನು ‘ಮುನ್ಷಿ ಸಾಹೇಬ್ರ’ ಎನ್ನುತ್ತಿದ್ದರು. ಬರೆಯುವವನನ್ನು ನಮ್ಮ ಕಡೆ ಕರೆಯುವುದೇ ಹಾಗೆ. ನನಗೂ ಅದು ರೂಢಿಯಾಗಿ, ಯಾರಾದರೂ ಬರೀ ಮುನ್ಷಿ ಎಂದರೆ ಸಾಕು, ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು.

ನಾನು ಓದಿದ್ದು ಉರ್ದು ಶಾಲೆಯಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಅಂಗಡಿಯಲ್ಲಿ ಮರಾಠಿ, ಬರೆಯುವುದು ಮಾತ್ರ ಬಲದಿಂದ ಎಡಕ್ಕೆ. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಕಲ್ಯಾಣಿ ಬಸವಕಲ್ಯಾಣವಾಯಿತು, ಕಚೇರಿಯ ಕಾಗದಗಳೆಲ್ಲ ಕನ್ನಡಕ್ಕೆ ತಿರುಗತೊಡಗಿದವು, ನಾಲ್ಕು ಊರಿಗೆ ಓದುಬಲ್ಲವನೆನಿಸಿಕೊಂಡಿದ್ದ ನಾನು ಮತ್ತೆ ಅಂಕಲಿಪಿ ಹಿಡಿದು ಕೂತೆ. ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದ್ದ ಹೆಂಡತಿ ಎದುರಿಗೆ ಕೂತು ‘ಅ’ ತಿದ್ದಿಸಿದಳು. ಅದನ್ನು ಇವತ್ತಿಗೂ ಆಕೆ ಎತ್ತಿ ಆಡಿಕೊಳ್ಳುತ್ತಲೇ ಇದ್ದಾಳೆ. ಅಕ್ಷರ ಬೇಗ ಒಲಿಯಿತು. ಆದರೆ ಒಳಗಿದ್ದ ಮಾತುಗಳು ಬದಲಾಗಲಿಲ್ಲ. ಉರ್ದು ಅರ್ಜಿಯಲ್ಲಿ ಎಲ್ಲಿ ಏನು ಬರೆಯುತ್ತಿದ್ದೆನೋ ಅದನ್ನೇ ಎಡದಿಂದ ಬಲಕ್ಕೆ ಕನ್ನಡ ಅಕ್ಷರದಲ್ಲಿ ಬರೆದೆ. ಅರ್ಜಿ, ತಕರಾರು, ಮಂಜೂರು, ದಾಖಲೆ. ಕಚೇರಿಯ ಕನ್ನಡವೇ ಅರ್ಧ ಹಾಗಿದ್ದದ್ದರಿಂದ ಇಪ್ಪತ್ತು ವರ್ಷ ನನ್ನ ಗುಟ್ಟು ಯಾರಿಗೂ ತಿಳಿಯಲಿಲ್ಲ.

ಆ ಇಪ್ಪತ್ತು ವರ್ಷ ಕಳೆದ ಮೇಲಿನ ಒಂದು ಬೇಸಿಗೆ. ಯುಗಾದಿ ಮುಗಿದಿತ್ತು. ಮಧ್ಯಾಹ್ನ ರೊಟ್ಟಿ ಬಿಚ್ಚಬೇಕು ಎನ್ನುವಾಗ ಗರಗರ ಸದ್ದು ಮಾಡುತ್ತ ಒಂದು ಹಲಗೆ ನನ್ನ ಮೇಜಿನ ಮುಂದೆ ಬಂದು ನಿಂತಿತು. ಹಲಗೆಗೆ ನಾಲ್ಕು ಬೇರಿಂಗಿನ ಗಾಲಿ. ಅದರ ಮೇಲೆ ಕೂತವಳು ಕೌದಿ ಹೊಲಿಯುವ ಅಕ್ಕ. ಅವಳನ್ನು ಅರಿಯದವರು ಹುಮನಾಬಾದಿನಲ್ಲಿ ಇರಲಿಲ್ಲ. ಸಣ್ಣಂದಿನಲ್ಲೇ ಜ್ವರ ಬಂದು ಎರಡೂ ಕಾಲು ಸತ್ತಿದ್ದವು. ತಾಯಿ ಇರುವತನಕ ಹಳ್ಳಿಯಲ್ಲಿದ್ದು, ತಾಯಿ ಹೋದ ಮೇಲೆ ಊರಿಗೆ ಬಂದು, ಬಸ್ ನಿಲ್ದಾಣದ ಹಿಂದಿನ ಹಳೆಯ ಧರ್ಮಶಾಲೆಯ ಪಡಸಾಲೆಯಲ್ಲಿ ನೆಲೆಸಿದ್ದಳು. ಹಳೆಯ ಸೀರೆ ಕೊಟ್ಟರೆ ಪದರ ಪದರ ಹಾಸಿ, ಬೆರಳಗಲದ ಹೊಲಿಗೆಯಲ್ಲಿ ಕೌದಿ ಮಾಡಿಕೊಡುವಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುತ್ತಿದ್ದಳು, ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಅವಳ ಕೌದಿ ಹೊದ್ದು ಬೆಳೆಯದ ಕೂಸು ಆ ಕಾಲಕ್ಕೆ ನಮ್ಮ ಸುತ್ತ ಕಡಿಮೆ.

“ತಮ್ಮಾ, ಒಂದ್ ಅರ್ಜಿ ಬರದು ಕೊಡು,” ಎಂದಳು.

ತಮ್ಮ! ನಲವತ್ತು ದಾಟಿದ, ತಲೆ ನರೆಯತೊಡಗಿದ ಮುನ್ಷಿಗೆ, ನಾಲ್ಕು ಜನರ ಎದುರಿಗೆ! ಅವಳು ನನಗಿಂತ ಐದಾರು ವರ್ಷ ದೊಡ್ಡವಳಿದ್ದಳು, ಅದು ಸರಿ. ಆದರೂ ನಾನು ಮುಖ ಗಂಟಿಕ್ಕಿಕೊಂಡು, “ಊಟದ ಹೊತ್ತು. ಆಮ್ಯಾಲ ಬಾ,” ಎಂದೆ.

“ಉಣ್ಣು. ನಾ ಎಲ್ಲಿ ಓಡಿ ಹೋಗಾಕಿ?” ಎಂದು ತನ್ನ ಕಾಲು ತೋರಿಸಿ ನಕ್ಕಳು. ಬೆಂಚಿನ ಮೇಲಿದ್ದವರೂ ನಕ್ಕರು. ನಾನು ರೊಟ್ಟಿ ಗಂಟು ಮತ್ತೆ ಕಟ್ಟಿ ಮಸಿ ಬಾಟಲಿ ತೆರೆದೆ.

ವಿಷಯ ಹೀಗಿತ್ತು. ಬಸವಕಲ್ಯಾಣದಲ್ಲಿ ಧಾನ್ಯದ ವರ್ತಕರು ಕೂಡಿ ಒಂದು ಸಹಾಯ ಮಂಡಳಿ ಮಾಡಿಕೊಂಡಿದ್ದರು. ಕೈಕಾಲು ಇಲ್ಲದವರು, ಕಣ್ಣಿಲ್ಲದವರು ಬಾಡಿಗೆ ಮನೆಯಲ್ಲಿದ್ದರೆ ತಿಂಗಳ ಬಾಡಿಗೆಯಲ್ಲಿ ಅರ್ಧ ಮಂಡಳಿ ಕೊಡುತ್ತಿತ್ತು. ಬಸ್ಸಿನಲ್ಲಿ ಬಾಚಣಿಕೆ ಮಾರುವ ಒಬ್ಬ ಕುರುಡ ಈ ಸುದ್ದಿಯನ್ನು ಅಕ್ಕನಿಗೆ ಮುಟ್ಟಿಸಿದ್ದ. ಅಕ್ಕ ಆಗಲೇ ಮಾಣಿಕನಗರದಲ್ಲಿ ಒಂದು ಖೋಲಿ ನೋಡಿಕೊಂಡು ಬಂದಿದ್ದಳು. ಎರಡು ಎಮ್ಮೆ ಕಟ್ಟಿ ಹಾಲು ಮಾರುವ ಒಬ್ಬ ವಿಧವೆಯ ಮನೆ. ಹೆಂಗಸರನ್ನು ನಮ್ಮ ಕಡೆ ಬಾಯಿ ಎನ್ನುವುದರಿಂದ ಆಕೆ ಎಲ್ಲರಿಗೂ ಹಾಲಿನ ಬಾಯಿ. ಹಿತ್ತಿಲಿಗೆ ಸಾಲಾಗಿ ಮೂರು ಖೋಲಿ, ಕೊನೆಯದು ಖಾಲಿ. ಅರ್ಧ ಬಾಡಿಗೆ ಕೌದಿ ಹೊಲಿದು ಅಕ್ಕ ಕೊಡಬಲ್ಲಳು. ಇನ್ನರ್ಧಕ್ಕೆ ಮಂಡಳಿ ಒಪ್ಪಬೇಕು. ಹಾಲಿನ ಬಾಯಿ ನಾಗರಪಂಚಮಿಯ ತನಕ ಖೋಲಿಯನ್ನು ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಪಂಚಮಿ ದಾಟಿದರೆ ಅದು ಒಬ್ಬ ದರ್ಜಿಗೆ.

“ಪಡಸಾಲಿಗೆ ಏನಾಗ್ಯದ? ಇಷ್ಟ್ ವರ್ಷ ಇದ್ದಿಯಲ್ಲ?” ಎಂದು ಕೇಳಿದೆ. ಕೇಳಬಾರದಿತ್ತು.

“ಅದನ್ನ ಕೆಡವಿ ದುಕಾನ ಕಟ್ಟತಾರಂತ. ಆ ಕಡಿಂದ ಕಲ್ಲು ಬಿಚ್ಚಾಕತ್ತಾರ,” ಎಂದಳು. ಆಮೇಲೆ ದನಿ ಇಳಿಸಿದಳು. “ಇಪ್ಪತ್ತೆರಡ ವರ್ಷ ಆತು ತಮ್ಮಾ, ಊರು ಏಳೂದ್ರೊಳಗ ಗ್ವಾಡಿ ಹಿಂದ ಹೋಗಿ ಮೈತೊಳಕೊಂಡು ಬರತೇನಿ. ಜ್ವರಾ ಬಂದ್ರೂ ಅಷ್ಟ, ಥಂಡಿ ಇದ್ರೂ ಅಷ್ಟ. ನಂಗ ನಾಕ್ ಗ್ವಾಡಿ ಬೇಕು, ಒಂದ್ ಬಾಗಲಾ ಬೇಕು, ಒಳಗಿಂದ ಹಾಕ್ಕೊಳ್ಳಾಕ ಒಂದ್ ಚಿಲಕ ಬೇಕು. ಅಷ್ಟ ಬರಿ.”

ದಿನಾ ಎರಡು ಹೊತ್ತು ಆ ಪಡಸಾಲೆಯ ಮುಂದೆ ಓಡಾಡುವವನು ನಾನು, ಇದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಎಂದೂ ಬರೆಯದಷ್ಟು ಚೆಂದವಾಗಿ ಬರೆದೆ. ಮಂಡಳಿಯ ಛಾಪಿಸಿದ ನಮೂನೆಯಲ್ಲಿ ‘ಖಾಯಂ ವಾಸಸ್ಥಳ’ ಎಂದಿದ್ದ ಕಡೆ ದುಂಡಗೆ ಬರೆದೆ: ‘ಮುಕ್ಕಾಂ: ಧರ್ಮಶಾಲೆಯ ಪಡಸಾಲೆ, ಹುಮನಾಬಾದ.’ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬರೆದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ, ಮತ್ತು ಅದನ್ನು ಮೂರು ದಿನ ಮನೆಯಲ್ಲಿ ಹೇಳಿಕೊಂಡೆ.

ಬೇಸಿಗೆ ಕಳೆಯಿತು. ಮಳೆ ಬಿತ್ತು, ಹೆಸರು ಉದ್ದು ಬಿತ್ತಿದರು. ಧರ್ಮಶಾಲೆಯ ಕಲ್ಲುಗಳು ಒಂದೊಂದಾಗಿ ಇಳಿಯುತ್ತ ಬಂದವು. ಅಕ್ಕ ದಿನಕ್ಕಿಷ್ಟು ಈ ಕಡೆ ಸರಿಯುತ್ತ, ಕೊನೆಯ ಎರಡು ಕಂಬಗಳ ನಡುವೆ ಬಂದು ಕೂತಿದ್ದಳು. ಕೆಡವುವ ಕೂಲಿಗಳು ಅವಳಿಂದಲೇ ಎರಡು ಕೌದಿ ಹೊಲಿಸಿಕೊಂಡು, ಆ ನೆಪದಲ್ಲಿ ಕೆಲಸ ನಿಧಾನ ಮಾಡಿದರು. ಒಳ್ಳೆಯ ಮಂದಿ.

ಪಂಚಮಿಗೆ ಹತ್ತು ದಿನ ಇರುವಾಗ ಗರಗರ ಸದ್ದು ಮತ್ತೆ ಬಂತು. ಅಕ್ಕನ ಮಡಿಲಲ್ಲಿ ಒಂದು ಲಕೋಟೆ. “ಬಂತು ನೋಡು! ಓದು, ಓದು,” ಎಂದು ಮೇಜು ಬಡಿದಳು. ಬೆಂಚಿನ ಮೇಲಿದ್ದವರು ಸರಿದು ಕೂತು ಕಿವಿ ಕೊಟ್ಟರು.

ಬಿಡಿಸಿ ಮನಸ್ಸಿನಲ್ಲೇ ಓದಿಕೊಂಡೆ. ‘ಅರ್ಜಿದಾರರು ತಾವೇ ತಿಳಿಸಿರುವಂತೆ ಹುಮನಾಬಾದಿನಲ್ಲಿ ಮೊಕ್ಕಾಂ ಹೂಡಿರುವವರೇ ಹೊರತು ಖಾಯಂ ವಾಸಿಗಳಲ್ಲ. ಆದ್ದರಿಂದ ಅರ್ಜಿಯನ್ನು ತಳ್ಳಿಹಾಕಲಾಗಿದೆ.’

ಎರಡನೆಯ ಸಲ ಓದಿದಾಗ ಎಡವಿದ್ದೆಲ್ಲಿ ಎಂದು ತಿಳಿಯಿತು. ನಮ್ಮ ಕಡೆ ಮುಕ್ಕಾಂ ಎಂದರೆ ಮನುಷ್ಯ ಇರುವ ಜಾಗ. ಹುಟ್ಟಿ ಬೆಳೆದ ಮನೆಯೂ ಮುಕ್ಕಾಂ, ಸಾಯುವ ಮನೆಯೂ ಮುಕ್ಕಾಂ. ಉರ್ದು ಕಾಗದದಲ್ಲಿ ಊರು ಬರೆಯುವ ಕಡೆ ನಾನು ಬರೆಯುತ್ತಿದ್ದದ್ದೂ ಅದನ್ನೇ. ಆದರೆ ಮೈಸೂರು ಕಡೆಯ ಕನ್ನಡದಲ್ಲಿ ಮೊಕ್ಕಾಂ ಎಂದರೆ ಬಿಡಾರ. ಸಾಹೇಬರು ತಪಾಸಣೆಗೆಂದು ದೌರೆ ಬಂದಾಗ ಎರಡು ದಿನ ಹಾಕುವ ಡೇರೆ. ಮಂಡಳಿಯ ಕಾರ್ಯದರ್ಶಿ ಆ ಕಡೆಯವರು ಎಂದು ನನಗೆ ಗೊತ್ತಿತ್ತು. ಒಂದು ಮಾತು ತಪ್ಪಿ ಬಿದ್ದು ಅವಳ ನಾಲ್ಕು ಗೋಡೆ ಹೋಗಿದ್ದವು. ಬರೆದವನು ನಾನು.

“ಏನಂತಾರ?”

“ಆ ಮಂದಿಗೆ ಓದಾಕ ಬರಂಗಿಲ್ಲ ಅಕ್ಕ,” ಎಂದೆ. “ನೀ ಖಾಯಂ ಇಲ್ಲಿರಾಕಿ ಅಲ್ಲ ಅಂತ ತಪ್ಪು ತಿಳಕೊಂಡಾರ. ನಾಳೆ ಕಲ್ಯಾಣಕ್ಕ ಹೋಗಿ ಹೇಳಿ ಬರೂನು.”

ಹೇಡಿ! ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ. ಬೆಂಚಿನ ಮೇಲೆ ನಾಲ್ಕು ಗಿರಾಕಿಗಳಿದ್ದರು, ಅವರ ಎದುರಿಗೆ ನನ್ನದೇ ತಪ್ಪು ಎನ್ನಲು ಬಾಯಿ ಬರಲಿಲ್ಲ.

ಮರುದಿನ ಮೇಜು ಹಾಕಲಿಲ್ಲ. ಮುಂಜಾನೆ ಬಂದವನು ಅಕ್ಕನನ್ನು ಕರೆದುಕೊಂಡು ಅದೇ ಬಸ್ಸಿನಲ್ಲಿ ತಿರುಗಿ ಹೊರಟೆ. ಅಕ್ಕ ಮುತ್ತೈದೆಯಂತೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಅರ್ಧ ಹೊಲಿದ ಒಂದು ಕೌದಿಯನ್ನು ಮಡಿಲಲ್ಲಿಟ್ಟು ತಂದಿದ್ದಳು. ಹೊತ್ತು ಹೋಗಬೇಕಲ್ಲ ಅಂತ. ಕಂಡಕ್ಟರ್ ಗಾಲಿಯ ಹಲಗೆ ನೋಡಿ, “ಇದಕ್ಕ ಲಗೇಜ ಟಿಕೀಟ ಆಗತದ,” ಎಂದ.

“ಅದು ನನ್ನ ಕಾಲು,” ಎಂದಳು ಅಕ್ಕ. “ಮೊದಲ ನಿನ್ನ ಕಾಲಿಗಿ ಟಿಕೀಟ ತಗಿ. ಆಮ್ಯಾಲ ಇದಕ್ಕ ತಗೀತೀನಿ.”

ಇಡೀ ಬಸ್ಸು ಗೊಳ್ಳೆಂದಿತು. ಕಂಡಕ್ಟರ್ ತಾನೂ ನಕ್ಕು, ಹಲಗೆಯನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡ. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಹೊರಗೆ ನೋಡುತ್ತ ತೊಗರಿಯ ಹೊಲಗಳಿಗೆ, ಎಮ್ಮೆಗಳಿಗೆ, ಯಾರದೋ ಹೊಸ ಮನೆಗೆ ಒಂದೊಂದು ಮಾತು ಹೇಳುತ್ತ ಬಂದಳು. ನಾನು ನಿಜ ಹೇಳಬೇಕೆಂದು ಎರಡು ಸಲ ಗಂಟಲು ಸರಿಮಾಡಿಕೊಂಡೆ. “ಕೆಮ್ಮು ಬಂದದೇನು? ಆಡುಸೋಗಿ ತಪ್ಪಲ ಕುದಿಸಿ ಕುಡಿ,” ಎಂದಳು.

ಮಂಡಳಿಯ ಕಚೇರಿ ಧಾನ್ಯ ಕೊಳ್ಳುವ ಮಾರುವ ಒಂದು ಅಡತಿ ಅಂಗಡಿಯ ಮಾಳಿಗೆಯ ಮೇಲಿತ್ತು. ಕಡಿದಾದ ಹದಿನೇಳು ಮೆಟ್ಟಿಲು. ಕಾಲಿಲ್ಲದವರಿಗೆ ಸಹಾಯ ಮಾಡುವ ಕಚೇರಿ! ಅಕ್ಕ ಕೆಳಗಿನಿಂದ ಕೊನೆಯ ಮೆಟ್ಟಿಲವರೆಗೂ ಕಣ್ಣು ಹಾಯಿಸಿ, “ಶಾಣ್ಯಾ ಇದ್ದಾರ. ಯಾರೂ ಬರಬಾರದಂತ ಮಾಡ್ಯಾರ,” ಎಂದಳು. ಹೊತ್ತುಕೊಂಡು ಹೋಗುತ್ತೇನೆ ಎಂದರೆ ಒಪ್ಪಲಿಲ್ಲ. ನಾನೊಬ್ಬನೇ ಹತ್ತಿದೆ.

ಕಾರ್ಯದರ್ಶಿಗಳು ನಿವೃತ್ತ ಮೇಷ್ಟರು. ಕೆಲಸದ ಮೇಲೆ ಈ ಕಡೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು. ಸಭ್ಯರು, ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದರು. ಅವರ ಮೇಲೆ ಜಗಳ ತೆಗೆಯಲೆಂದೇ ಹೋದವನಿಗೆ ಅವರು ಕುರ್ಚಿ ಕೊಟ್ಟು ನೀರು ಕೊಟ್ಟದ್ದರಿಂದ ಕಷ್ಟವಾಯಿತು.

“ನೋಡಿ, ನೀವೇ ಬರೆದಿದ್ದೀರಿ, ಮುಕ್ಕಾಂ ಅಂತ,” ಎಂದರು. “ಇವತ್ತು ಇಲ್ಲಿ ಬಿಡಾರ, ನಾಳೆ ಇನ್ನೆಲ್ಲೋ. ಅಂಥವರಿಗೆ ಬಾಡಿಗೆ ಸಹಾಯ ಕೊಡೋದು ಹೇಗೆ? ವಾಸದ ಮನೆ ಇರೋರಿಗೆ ಅಂತಲೇ ನಿಯಮ.”

“ಮನಿ ಇಲ್ಲದವರಿಗೇ ಅಲ್ಲೇನ್ರಿ ಮನಿ ಬೇಕಾಗೂದು?” ಎಂದೆ. ದನಿ ಏರಿತ್ತು. “ಮುಕ್ಕಾಂ ಅಂದ್ರ ನಮ್ಮಲ್ಲಿ ಖಾಯಂ ಇರೂ ಜಾಗಾರಿ.”

“ಇರಬಹುದು. ಹೊಸ ಅರ್ಜಿ ಕೊಡಿ. ಮುಂದಿನ ಸಭೆ ದಸರೆ ಆದ ಮೇಲೆ.”

ದಸರೆ! ಆ ಹೊತ್ತಿಗೆ ಖೋಲಿಯಲ್ಲಿ ದರ್ಜಿಯ ಮಿಷನ್ ಓಡುತ್ತಿರುತ್ತದೆ, ಪಡಸಾಲೆ ನೆಲಸಮವಾಗಿರುತ್ತದೆ. ನಾನು ಮೇಜಿನ ಮೇಲೆ ಕೈ ಬಡಿದೆನೆಂದು ಕಾಣುತ್ತದೆ. ಅವರ ಮಸಿ ಬಾಟಲಿ ಉರುಳಿತು. ಇಬ್ಬರೂ ಅದನ್ನು ಒರೆಸುತ್ತಿರುವಾಗ ಕೆಳಗಿನಿಂದ ಗದ್ದಲ ಕೇಳಿಸಿತು.

ಅಕ್ಕ ಮೆಟ್ಟಿಲಿನ ಬುಡದಲ್ಲೇ ಕೌದಿ ಹಾಸಿ ಹೊಲಿಯತೊಡಗಿದ್ದಳು. ಕೌದಿ ಎಂದರೆ ಸಣ್ಣದೇ? ಅಂಗಡಿಯ ಬಾಗಿಲು ಪೂರ್ತಿ ಮುಚ್ಚಿತ್ತು. ಚೀಲ ಹೊತ್ತ ಹಮಾಲರು ಈ ಕಡೆ ನಾಲ್ವರು, ಆ ಕಡೆ ಮೂವರು ನಿಂತಿದ್ದರು. ಹೊಲಿಯುವ ಕೌದಿಯನ್ನು ತುಳಿಯಲು ಒಬ್ಬನಿಗೂ ಮನಸ್ಸಿಲ್ಲ. “ಮ್ಯಾಲಿನ ಸಾಹೇಬ್ರ ಕೆಳಗ ಬರಲಿ. ಬಂದ್ರ ಸುತ್ತತೇನಿ,” ಎನ್ನುತ್ತಿದ್ದಳು.

ಮೇಷ್ಟರು ಧೋತರ ಹಿಡಿದುಕೊಂಡು ಇಳಿದು ಬಂದರು. ನಾನು ಹಿಂದೆ. ಮೂರನೆಯ ಮೆಟ್ಟಿಲ ಮೇಲೆ ನಿಂತು ಅವರು, “ಇದೇನಮ್ಮಾ ಇದು? ನಿಮ್ಮ ಅರ್ಜಿಯಲ್ಲೇ ಮುಕ್ಕಾಂ ಅಂತ ಬರೆದಿದೆಯಲ್ಲ, ನಾನೇನು ಮಾಡಲಿ?” ಎಂದರು.

ಅಕ್ಕ ಸೂಜಿ ನಿಲ್ಲಿಸಿ ನನ್ನ ಕಡೆ ನೋಡಿದಳು. “ಯಾರ್ ಬರದಾರ?”

ಏಳು ಜನ ಹಮಾಲರು, ಒಬ್ಬ ಮೇಷ್ಟರು, ಅಂಗಡಿಯ ಗದ್ದಿಗೆಯ ಮೇಲೆ ಸಾಹುಕಾರ. ಎಲ್ಲರೂ ನನ್ನ ಊರಿನವರು.

“ನಾನ ಬರದೀನಿ ಅಕ್ಕ,” ಎಂದೆ. “ನಂದ ತಪ್ಪು. ನಿನ್ನೆ ಸುಳ್ಳು ಹೇಳಿದೆ.”

ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

“ತಪ್ಪು ಹ್ಯಾಂಗಾಗತದ? ಛಲೋ ಬರದಿ,” ಎಂದಳು. “ನಂದು ಅದ ಮುಕ್ಕಾಂ. ಮತ್ತೇನು ಬರೀಬೇಕಿತ್ತು, ಅರಮನಿ ಅಂತ?” ಆಮೇಲೆ ಮೇಷ್ಟರ ಕಡೆ ತಿರುಗಿ ಮಡಿಲಿನಿಂದ ಲಕೋಟೆ ತೆಗೆದಳು. “ಸಾಹೇಬ್ರ, ಈ ಕಾಗದ ನೀವ ಕಳಿಸಿದ್ದೇನ್ರಿ?”

“ಹೌದು.”

“ಎಲ್ಲಿಗಿ ಕಳಿಸಿದ್ರಿ?”

“ಎಲ್ಲಿಗೆ ಅಂದರೆ... ಧರ್ಮಶಾಲೆಗೆ.”

“ಟಪಾಲಿನವ ತಂದು ನನ್ನ ಕೈಯಾಗ ಕೊಟ್ಟಾನ್ರಿ. ನಾ ಅಲ್ಲಿ ಇಲ್ಲ ಅಂತ ಬರದ ಕಾಗದ ಅಲ್ಲೇ ನನಗ ಮುಟ್ಯದ. ಹಂಗಾದ್ರ ಯಾರಿಗಿ ಮುಟ್ಟಿತ್ರಿ ಅದು?”

ಹಮಾಲನೊಬ್ಬ ಚೀಲ ಹೊತ್ತುಕೊಂಡೇ ನಕ್ಕ. ಮೇಷ್ಟರು ಲಕೋಟೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಗ ನನ್ನ ಕಣ್ಣಿಗೂ ವಿಳಾಸ ಬಿತ್ತು. ಅವರದೇ ಅಕ್ಷರ: ‘ಕೌದಿ ಹೊಲಿಯುವ ಬಾಯಿ, ಧರ್ಮಶಾಲೆಯ ಪಡಸಾಲೆ, ಮು. ಪೋ. ಹುಮನಾಬಾದ.’

ನಮ್ಮ ಕಡೆ ಎಲ್ಲ ಕಾಗದಗಳ ಮೇಲೂ ಊರಿನ ಹೆಸರಿನ ಹಿಂದೆ ಈ ಎರಡು ಅಕ್ಷರ ಇದ್ದೇ ಇರುತ್ತವೆ. ನನಗೆ ಕುಣಿಯುವಷ್ಟು ಖುಷಿಯಾಯಿತು. “ಸರ, ಈ ‘ಮು’ ಅಂದ್ರ ಏನ್ರಿ?” ಎಂದು ಕೇಳಿದೆ.

“ಮುಖ್ಯ. ಮುಖ್ಯ ಪೋಸ್ಟು,” ಎಂದರು ಮೇಷ್ಟರು.

“ಸಣ್ಣ ಹಳ್ಳಿಗೂ ಹಾಕತೀರೇನ್ರಿ?”

“ಎಲ್ಲರೂ ಹಾಕುತ್ತಾರೆ, ನಾನೂ ಹಾಕುತ್ತೇನೆ.” ಅಷ್ಟು ಹೇಳಿ ಅವರೇ ನಿಂತರು. ಅವರ ಮುಖದಲ್ಲಿ ಅನುಮಾನ ಮೂಡಿತು.

ಗದ್ದಿಗೆಯ ಮೇಲಿನ ಸಾಹುಕಾರರು ಹೊಟ್ಟೆ ಕುಲುಕಿಸಿ ನಗತೊಡಗಿದರು. “ಅದು ಮುಕ್ಕಾಂರಿ ಮಾಸ್ತರ! ಮುಕ್ಕಾಂ ಪೋಸ್ಟ! ಹದಿನಾರು ವರ್ಷದಿಂದ ಬರೀಲಾಕತ್ತೀರಿ, ಯಾರನ್ನೂ ಕೇಳಲಿಲ್ಲೇನ್ರಿ?”

ಮೇಷ್ಟರು ಮೂರನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೋಪಿಸಿಕೊಂಡು ಮೇಲೆ ಹೋಗಿದ್ದರೆ ನಮ್ಮ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮನುಷ್ಯ ಲಕೋಟೆಯನ್ನೇ ನೋಡುತ್ತ ಕೂತು, ಆಮೇಲೆ ಕನ್ನಡಕ ತೆಗೆದು, ಭುಜ ಅಲುಗುವ ಹಾಗೆ ನಕ್ಕರು.

“ಇಲ್ಲಿ ಎಷ್ಟ್ ವರ್ಷ ಆತ್ರಿ ನಿಮಗ?” ಅಕ್ಕ ಕೇಳಿದಳು.

“ಹದಿನಾರು.”

“ಸ್ವಂತ ಮನಿ ಅದೇನ್ರಿ?”

“ಬಾಡಿಗೆ ಮನೆಯಮ್ಮ.”

“ನಂದು ಇಪ್ಪತ್ತೆರಡು. ನಿಮ್ಮಕಿಂತ ನಾನ ಖಾಯಂ,” ಎಂದು ಅವಳು ಮತ್ತೆ ಸೂಜಿ ಹಿಡಿದಳು.

ಮೇಷ್ಟರು ಮೇಲಿನಿಂದ ನನ್ನ ಕೈಯಲ್ಲಿ ಅರ್ಜಿ ತರಿಸಿ, ಅಲ್ಲೇ, ಮೆಟ್ಟಿಲ ಮೇಲೆ, ನನ್ನ ಪೆನ್ನು ಇಸಿದುಕೊಂಡು ಅರ್ಜಿಯ ಮೂಲೆಯಲ್ಲಿ ಬರೆದರು: ‘ಟಪಾಲು ಮುಟ್ಟುವ ಸ್ಥಳವೇ ವಾಸಸ್ಥಳವೆಂದು ತಿಳಿದು ಮಂಜೂರು ಮಾಡಿದೆ. ಸಭೆಯ ಒಪ್ಪಿಗೆ ನಂತರ ಪಡೆಯುವುದು.’ ಸಾಹುಕಾರರು ಮಂಡಳಿಯ ಅಧ್ಯಕ್ಷರು ಎಂಬುದು ನನಗೆ ಅವರು ಸಹಿ ಹಾಕಿದಾಗ ತಿಳಿಯಿತು. ಅಕ್ಕ ಕೌದಿ ಸುತ್ತಿದಳು. ಹಮಾಲರು ಒಳಗೆ ನುಗ್ಗಿದರು. ನಾನು ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದೆ. ಅಲ್ಲಿ ನನ್ನ ಹೆಂಡತಿಗೆ ಅವಳು ಎಲ್ಲವನ್ನೂ ಬಿಡದೆ ಹೇಳಿದ್ದು ನನಗೆ ಬೇಕಾಗಿರಲಿಲ್ಲ. “ತಿದ್ದಿಸುವಾಗ ಕೈಮ್ಯಾಲ ಇನ್ನಾ ಎರಡು ಹೊಡೀಬೇಕಿತ್ತು,” ಎಂದಳು ನನ್ನಾಕೆ. ಇಬ್ಬರೂ ಸಂಜೆಯವರೆಗೆ ನಕ್ಕರು.

ಪಂಚಮಿಗೆ ನಾಲ್ಕು ದಿನ ಮುಂಚೆ ಖೋಲಿ ಸಿಕ್ಕಿತು. ಅಲ್ಲೂ ಒಂದು ತೊಡಕು. ಹೊಸ್ತಿಲು ಗೇಣೆತ್ತರ. ಹಲಗೆ ಹತ್ತುವುದಿಲ್ಲ. ಕೈಯೂರಿ ದಾಟಬೇಕೆಂದರೆ ನಡುವೆ ಹೊಸ್ತಿಲ ಮೇಲೆ ಕೂರಲೇಬೇಕು. ಹಾಲಿನ ಬಾಯಿ ಗಲ್ಲ ಬಡಿದುಕೊಂಡಳು. “ಬಾಡಿಗಿ ಎರಡ್ ದಿನ ತಡಾ ಆಗಲಿ ನಡೀತದ. ಹೊಸ್ತಿಲ ಮ್ಯಾಲ ಕೂಡೂದು ನಡ್ಯಾಂಗಿಲ್ಲ. ಲಕ್ಷ್ಮಿ ಇರೂ ಜಾಗಾ,” ಎಂದಳು. ಕಡಿದು ತಗ್ಗಿಸುವುದಂತೂ ಬಾಯಲ್ಲಿ ಆಡುವ ಮಾತಲ್ಲ. ನಾನು ಆಗಲೇ ಜಗಳಕ್ಕೆ ತೋಳೇರಿಸಿದ್ದೆ. ಅಕ್ಕ ನನ್ನ ಅಂಗಿ ಜಗ್ಗಿದಳು. ಧರ್ಮಶಾಲೆ ಕೆಡವುವ ಕೂಲಿಗಳಿಗೆ ಹೇಳಿಕಳಿಸಿದಳು. ಅವರು ಎರಡು ಚಪ್ಪಟೆ ಕಲ್ಲಿನ ಫರಸಿ ತಂದು ಹೊಸ್ತಿಲಿಗೆ ಆ ಕಡೆ ಒಂದು, ಈ ಕಡೆ ಒಂದು ಇಳಿಜಾರಾಗಿ ಕೂರಿಸಿದರು. ಅಕ್ಕ ಹಲಗೆಯ ಮೇಲೆ ಕೂತು, ಹಲಗೆ ನೂಕಲು ಕೈಯಲ್ಲಿ ಹಿಡಿಯುವ ಕಟ್ಟಿಗೆ ಗುಂಡುಗಳನ್ನು ನೆಲಕ್ಕೆ ಒತ್ತಿ ಗರಗರ ಹತ್ತಿ ಗರಗರ ಇಳಿದಳು. “ನಾ ಕುಂತಿದ್ದು ಗಾಡಿ ಮ್ಯಾಲ. ಹೊಸ್ತಿಲ ಮ್ಯಾಲ ಅಲ್ಲ,” ಎಂದಳು. ಹಾಲಿನ ಬಾಯಿ ವಿಚಾರ ಮಾಡಿ, ತಕರಾರು ಕಾಣದೆ, ಎರಡು ಫರಸಿಗೂ ಅರಿಸಿನ ಕುಂಕುಮ ಹಚ್ಚಿದಳು. ಚಿಲಕವನ್ನು ಕೆಳಗೆ, ಅಕ್ಕನ ಕೈಗೆ ಎಟುಕುವಂತೆ ಬಡಿಸಿಕೊಟ್ಟವಳೂ ಅವಳೇ.

ಅದಾದ ಮೇಲೆ ನನಗೆ ಪುರಸೊತ್ತು ಸಿಗಲಿಲ್ಲ. ಅಕ್ಕ ದಿನಕ್ಕೊಬ್ಬರನ್ನು ಬೇವಿನ ಮರದ ಕೆಳಗೆ ಕಳಿಸತೊಡಗಿದಳು. ಮೊದಲು ಬಾಚಣಿಕೆ ಮಾರುವವನು ಬಂದ. ಅವನು ಮಲಗುತ್ತಿದ್ದದ್ದು ಬಸ್ ನಿಲ್ದಾಣದ ಬೆಂಚಿನ ಮೇಲೆ. ಆಮೇಲೆ ಕಬ್ಬಿನ ಗಾಣದಲ್ಲಿ ಕೈ ಕಳೆದುಕೊಂಡ ನಿರ್ಣಾದ ಒಬ್ಬ. ಆಮೇಲೆ ಕಿವಿ ಕೇಳದ, ಮಾತು ಬಾರದ ಒಬ್ಬ ಮುದುಕಿ. ಅವಳ ಮುಕ್ಕಾಂ ಯಾವುದು ಎಂದು ಕೈಸನ್ನೆಯಲ್ಲಿ ಕೇಳಲು ನನಗೂ ಬೆಂಚಿನವರಿಗೂ ಅರ್ಧ ದಿನ ಹಿಡಿಯಿತು. ಕೊನೆಗೆ ಅವಳು ನನ್ನ ಕೈ ಹಿಡಿದು ಎಬ್ಬಿಸಿ, ಸಂತೆಕಟ್ಟೆಯ ಮೂಲೆಗೆ ಕರೆದೊಯ್ದು ತೋರಿಸಿದಳು. ಎಲ್ಲರಿಗೂ ಬರೆದೆ, ದುಂಡಗೆ, ಹೆಮ್ಮೆಯಿಂದ: ಮುಕ್ಕಾಂ. ಟಪಾಲಿನವನು ಒಂದೊಂದು ಕಾಗದವನ್ನೂ ಆಯಾ ಬೆಂಚಿಗೆ, ಆಯಾ ಕಟ್ಟೆಗೆ ಮುಟ್ಟಿಸಿದ. ದಸರೆಯ ಸಭೆಯಲ್ಲಿ ವರ್ತಕರು ನಿಯಮವನ್ನೇ ತಿದ್ದಿದರು. ಮನೆ ಇದ್ದವರಿಗೆ ಮಾತ್ರ ಎಂದಿದ್ದನ್ನು ಹೊಡೆದುಹಾಕಿ, ಮನೆ ಇಲ್ಲದವರಿಗೂ ಎಂದು ಸೇರಿಸಿದರು. ಅಷ್ಟೇ ಅಲ್ಲ, ಕಚೇರಿಯನ್ನು ವಾರಕ್ಕೊಂದು ದಿನ ಕೆಳಗೆ, ಅಂಗಡಿಯ ಗದ್ದಿಗೆಯ ಪಕ್ಕಕ್ಕೆ ಇಳಿಸಿದರು. ಮೇಷ್ಟರು ಹೊಸ ನಮೂನೆ ಛಾಪಿಸಿ ಮೊದಲ ಪ್ರತಿಯನ್ನು ನನಗೆ ಕೊಟ್ಟುಕಳಿಸಿದರು. ಅದರಲ್ಲಿ ‘ವಾಸಸ್ಥಳ ಅಥವಾ ಮುಕ್ಕಾಂ’ ಎಂದಿತ್ತು. ನನ್ನ ತಪ್ಪು ಅಚ್ಚಾಗಿತ್ತು!

ಅದನ್ನು ಅಕ್ಕನಿಗೆ ಓದಿ ತೋರಿಸಬೇಕೆಂದು ಒಂದು ಮಧ್ಯಾಹ್ನ ಮಾಣಿಕನಗರಕ್ಕೆ ನಡೆದೆ. ಅವಳು ಖೋಲಿಗೆ ಹೋದ ಮೇಲೆ ನಾನು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಬಿಸಿಲು ಚುರುಗುಟ್ಟುತ್ತಿತ್ತು. ಬಾಗಿಲು ಮುಚ್ಚಿತ್ತು. ಒಂದು ಗಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಇಷ್ಟು ವರ್ಷ ಅವಳನ್ನು ರಸ್ತೆಯಿಂದಲೇ ಕಂಡು, ರಸ್ತೆಯಿಂದಲೇ ಮಾತಾಡಿಸಿ ರೂಢಿ. ಬಾಗಿಲು ಬಡಿದೆ.

ಒಳಗೆ ಗಾಲಿ ಉರುಳಿದವು. ಚಿಲಕ ಸರಿಯಿತು. ಅಕ್ಕ ಬಾಗಿಲು ತೆಗೆದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಬರ್ರಿ. ಒಳಗ ಬರ್ರಿ,” ಎಂದಳು.

ನನ್ನ ಹಿಂದೆ ಇನ್ನಾರಾದರೂ ದೊಡ್ಡವರು ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ‘ಬಾ ತಮ್ಮಾ’ ಬಿಟ್ಟು ಅವಳು ನನಗೆ ಎಂದೂ ಬೇರೆ ಮಾತು ಅಂದವಳಲ್ಲ.

ಒಳಗೆ ಹೋದೆ. ಗೋಡೆಗೆ ಸುಣ್ಣ ಬಳಿದಿತ್ತು. ಒಂದು ಕೊಡ, ಒಂದು ಒಲೆ, ಮಡಿಚಿಟ್ಟ ಸೀರೆಗಳ ಗಂಟು, ಮೂಲೆಯಲ್ಲಿ ಸಣ್ಣ ಬಚ್ಚಲಕಲ್ಲು. ಕೌದಿ ಹಾಸಿ ಕೂರಿಸಿದಳು, ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ನಾನು ಹೊಸ ನಮೂನೆ ಬಿಡಿಸಿ, ಗಂಟಲು ಸರಿಮಾಡಿಕೊಂಡು, “ಇಲ್ಲಿ ಕೇಳು ಅಕ್ಕ—” ಎಂದೆ.

“ಅದಿರಲಿ,” ಎಂದಳು. “ತಮ್ಮಾ, ಇನ್ನೊಮ್ಮಿ ಹೊರಗ ಹೋಗು.”

“ಯಾಕ?”

“ಹೋಗಿ ಬಾಗಲಾ ಬಡಿ.”

“ಈ ಬಿಸಿಲಾಗ? ತಲಿ ಕೆಟ್ಟದೇನು ನಿಂದು?”

ಅವಳು ನನ್ನನ್ನು ನೋಡಲಿಲ್ಲ. ಹಲಗೆಯ ಅಂಚನ್ನು ಸವರುತ್ತ ಹೇಳಿದಳು. “ಪಡಸಾಲ್ಯಾಗ ಇದ್ದಾಗ ಬಂದವರಿಗಿ ಬರ್ರಿ ಅಂತಿದ್ದೆ, ಕೂಡ್ರಿ ಅಂತಿದ್ದೆ. ಒಳಗ ಬರ್ರಿ ಅಂತ ಒಬ್ಬರಿಗೂ ಅಂದಿದ್ದಿಲ್ಲ. ಒಳಗ ಅನ್ನೂದ ಇರಲಿಲ್ಲಲ್ಲ? ಇಲ್ಲಿ ಬಂದ ಮ್ಯಾಲ ಬಾಗಲಾ ಬಡದಾಂವ ನೀನ ಮೊದಲನ್ಯಾಂವ, ಇವತ್ತ ನಿನಗ ಅಂದೆ. ಗಡಬಡಿಯೊಳಗ ಅಂದುಬಿಟ್ಟೆ. ಇನ್ನೊಮ್ಮಿ ಅನ್ನಬೇಕಾಗ್ಯದ.”

ನಾನು ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಹಿತ್ತಿಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಹಾಲಿನ ಬಾಯಿ, “ಏನಾತ್ರಿ ಮುನ್ಷಿ ಸಾಹೇಬ್ರ, ಬೈದು ಕಳಿಸಿದಳೇನು?” ಎಂದು ಕೇಳಿದಳು. ಇಲ್ಲವೆಂದು ಕೈಯಾಡಿಸಿ, ಕಣ್ಣೊರೆಸಿಕೊಂಡು, ಅಂಗಿ ಸರಿಮಾಡಿಕೊಂಡು ಬಾಗಿಲು ಬಡಿದೆ.

“ಯಾರ್ರಿ ಅದು?” ಎಂದು ಒಳಗಿನಿಂದ ಕೇಳಿದಳು. ನಾನು ನನ್ನ ಹೆಸರು ಹೇಳಿ, ಅವಳು ಬಾಗಿಲು ತೆಗೆಯುವತನಕ ಕಾಯುತ್ತ ನಿಂತೆ.